‘ಮೋಲ್’ಗೆ ಕನ್ನಡದಲ್ಲಿ ಏನು? ಹೆಗ್ಗಣವೋ, ಸುಂಡಿಲಿಯೋ?

ಗೆಳೆಯರಿಗೆ ನಮಸ್ಕಾರ.

ಮಡಿಕೇರಿ ಹತ್ತಿರ ನಮ್ಮ ಭಾವ ಒಂದು ಹೋಮ್‌ಸ್ಟೇ ನಡೆಸುತ್ತಾರೆ. ಮನೆ ಮುಂದೆ ಒಂದಿಷ್ಟು ಹುಲ್ಲುಹಾಸು. ಈ ಸಲ ಮಳೆ ಬಿಟ್ಟ ಮೇಲೆ ಬೆಳಗಾದರೆ ಸಾಕು, ಅದರ ಮೇಲೆ ಹೊಸ ಮಣ್ಣಿನ ಗುಡ್ಡೆ. ಭಾವ ಇಂಗ್ಲಿಷಿನಲ್ಲಿ ಹುಡುಕಿ, ಮೋಲ್ (ನೆಲದೊಳಗೆ ಸುರಂಗ ತೋಡಿ ಮಣ್ಣು ಮೇಲಕ್ಕೆ ತಳ್ಳುವ ಒಂದು ಸಣ್ಣ ಪ್ರಾಣಿ) ಓಡಿಸುವ ಸಾವಯವ ಉಪಾಯ ಅಂತ ಏನೋ ಹಿಡಿದು, ಮೊಬೈಲಿನಲ್ಲೇ ಕನ್ನಡ ಮಾಡಿಸಿ ನನಗೆ ಕಳಿಸಿದರು. ತಲೆಬರಹ ಹೀಗಿತ್ತು: ‘ನಿಮ್ಮ ಹುಲ್ಲುಹಾಸಿನ ಮಚ್ಚೆಗಳನ್ನು ನೈಸರ್ಗಿಕವಾಗಿ ತೊಲಗಿಸಿ’. ಕೆಳಗೆ, ಮಚ್ಚೆಗೆ ಹರಳೆಣ್ಣೆ ಬಳಸಬೇಕಂತೆ! ಮೈಮೇಲಿನ ಮಚ್ಚೆಗೂ ಇಂಗ್ಲಿಷಿನಲ್ಲಿ ‘ಮೋಲ್’ ಅಂತಲೇ ಅನ್ನುತ್ತಾರಲ್ಲ, ಅದರ ಎಡವಟ್ಟು. ನಕ್ಕು ಸಾಕಾಯಿತು. ಆಮೇಲೆ ಯೋಚನೆ ಬಂತು. ಮಚ್ಚೆ ತಪ್ಪು, ಸರಿ. ಹಾಗಾದರೆ ಸರಿಯಾದ ಪದ ಯಾವುದು?

ಮೊದಲಿಗೆ, ಮೋಲ್ ಇಲಿಯ ಜಾತಿಯೇ ಅಲ್ಲ. ಅದರ ಊಟ ಎರೆಹುಳು, ಗೊಣ್ಣೆಹುಳು. ಗೆಡ್ಡೆ, ಕಾಳು ಅದಕ್ಕೆ ಬೇಡ. ಮಖಮಲ್ಲಿನಂಥ ಕೂದಲು, ಇದ್ದೂ ಇಲ್ಲದಂಥ ಕಣ್ಣು, ಸನಿಕೆಯಂಥ ಮುಂಗಾಲು. ನಮ್ಮ ದಕ್ಷಿಣದ ಕಡೆ ಈ ಪ್ರಾಣಿ ಇಲ್ಲವೇ ಇಲ್ಲ. ನೋಡಬೇಕೆಂದರೆ ಡಾರ್ಜಿಲಿಂಗ್, ಸಿಕ್ಕಿಂ ಕಡೆಯ ಬೆಟ್ಟಗಳಿಗೆ ಹೋಗಬೇಕು. ಇಲ್ಲದ ಪ್ರಾಣಿಗೆ ಊರಿನ ಹೆಸರು ಎಲ್ಲಿಂದ ಬರಬೇಕು, ಅಲ್ವಾ?

ಗೊಂದಲ ಇನ್ನೊಂದು ಕಡೆಯಿಂದಲೂ ಬಂದಿದೆ. ಗದ್ದೆ ಬದು ತೋಡುವ ನಮ್ಮ ಚಿಕ್ಕ ಜಾತಿಯ ಹೆಗ್ಗಣಕ್ಕೆ ಇಂಗ್ಲಿಷಿನಲ್ಲಿ ‘ಇಂಡಿಯನ್ ಮೋಲ್ ರ‍್ಯಾಟ್’ ಅಂತಲೂ ಹೆಸರಿದೆ. ಅದರಲ್ಲಿ ‘ರ‍್ಯಾಟ್’ ಬಿದ್ದುಹೋಗಿ ‘ಮೋಲ್’ ಉಳಿದರೆ ಮುಗಿಯಿತು. ಅದರ ಇನ್ನೊಂದು ಹೆಸರು ‘ಬ್ಯಾಂಡಿಕೂಟ್’ ಹುಟ್ಟಿದ್ದು ತೆಲುಗಿನ ‘ಪಂದಿಕೊಕ್ಕು’ವಿನಿಂದ, ಅಂದರೆ ಹಂದಿ ಇಲಿ. ನಮ್ಮ ಹೆಗ್ಗಣದ ‘ಹೆ’ ಹೆಬ್ಬಾವು, ಹೆಬ್ಬಾಗಿಲುಗಳ ‘ಹೆ’. ತುಳುವಿನ ಪೆರ್ಗುಡೆಯಲ್ಲಿ, ತಮಿಳಿನ ಪೆರುಚ್ಚಾಳಿಯಲ್ಲಿ ಇರುವುದೂ ಅದೇ ‘ಪೆರ್’. ತೆಲುಗರಿಗೆ ಹಂದಿ ಕಂಡಿತು, ಉಳಿದವರಿಗೆ ಗಾತ್ರ ಕಂಡಿತು.

‘ಸುಂಡಿಲಿ’ ಯಾಕಾಗಬಾರದು ಅಂತ ಯಾರಾದರೂ ಕೇಳಬಹುದು. ಕೆಟ್ಟ ಊಹೆಯೇನಲ್ಲ. ಗೋಡೆ ಅಂಚಿನಲ್ಲೇ ಓಡುವ, ನಾತ ಬಿಡುವ, ಚೂಪು ಮೂತಿಯ ಈ ಸುಂಡಿಲಿ ಹುಳು ತಿನ್ನುವ ಪ್ರಾಣಿ. ಹೆಗ್ಗಣಕ್ಕಿಂತ ಮೋಲ್‌ಗೆ ಹತ್ತಿರದ ನೆಂಟ. ಹಿಂದಿಯಲ್ಲಿ ಎರಡಕ್ಕೂ ‘ಛಛೂಂದರ್’ ಅಂದುಬಿಡುತ್ತಾರೆ. ಆದರೆ ಕೆಲವರ ಬಾಯಲ್ಲಿ ಸುಂಡಿಲಿ ಅಂದರೆ ಮನೆಯ ಸಣ್ಣ ಇಲಿ. ಸುಮ್ನೆ ಇನ್ನೊಂದು ಗೋಜಲು ಯಾಕೆ?

ಕಳೆದ ಭಾನುವಾರ ಭಾವನ ಮನೆಗೆ ಹೋಗಿದ್ದೆ. ತೋಟದ ಮೇಸ್ತ್ರಿ ಒಂದು ಗುಡ್ಡೆಯನ್ನು ಕಾಲಲ್ಲಿ ಸರಿಸಿದರು. ಕೆಳಗೆ ಮುಷ್ಟಿ ಹೋಗುವಷ್ಟು ಬಿಲದ ಬಾಯಿ, ಸಡಿಲ ಮಣ್ಣು ತುಂಬಿ ಮುಚ್ಚಿತ್ತು. ಹಾರೆ ಹಾಕಿ ಮೊಳದಷ್ಟು ಬಗೆದರೆ ಒಳಗೆ ಭತ್ತದ ತೆನೆ, ಅರ್ಧ ಕಡಿದ ಗೆಣಸು. ಗದ್ದೆ ಇರುವುದು ಅಲ್ಲೇ ಕೆಳಗೆ, ಐವತ್ತು ಹೆಜ್ಜೆ. ‘ಹುತ್ತರಿಗೆ ನಾವು ಕದಿರು ತೆಗೆಯೋ ಮೊದ್ಲೇ ಇದು ತೆಗೆದಾಯ್ತು. ಹೆಗ್ಗಣ, ಇನ್ನೇನು!’ ಅಂದರು. ಭಾವ ಮಾತ್ರ ಮೊಬೈಲು ನೋಡುತ್ತಾ ‘ಅಲ್ಲ, ಇದು ಮೋಲ್’ ಅನ್ನುತ್ತಲೇ ಇದ್ದರು.

ಇದು ಬರೀ ಪದದ ಜಗಳವೂ ಅಲ್ಲ ನೋಡಿ. ಮೋಲ್ ಇರುವ ದೇಶಗಳಲ್ಲಿ ಹರಳೆಣ್ಣೆ ಬೆರೆಸಿದ ನೀರು ಸಿಂಪಡಿಸಿ ಅದನ್ನು ಬೇಸರಪಡಿಸುತ್ತಾರೆ, ಗೊಣ್ಣೆಹುಳು ಕೊಲ್ಲುವ ನೆಮಟೋಡ್ ಎಂಬ ಸೂಕ್ಷ್ಮ ಹುಳುಗಳನ್ನು ಬಿಡುತ್ತಾರೆ. ಕಾಳಿನ ಆಸೆ ತೋರಿಸಿದರೆ ಮೋಲ್ ತಿರುಗಿಯೂ ನೋಡುವುದಿಲ್ಲ. ಹೆಗ್ಗಣಕ್ಕೆ ಲೆಕ್ಕವೇ ಬೇರೆ. ಒಣಮೀನೋ ಕೊಬ್ಬರಿಯೋ ಇಟ್ಟ ಬೋನು, ಮುಚ್ಚಳ ಇರುವ ಕಸದ ಗುಂಡಿ, ಅಗಲ ಕಡಿಮೆ ಮಾಡಿದ ಬದು, ಗೂಬೆ ಕೂರಲು ಗದ್ದೆಯಲ್ಲಿ ನೆಟ್ಟ ಕೋಲು. ಜೊತೆಗೆ ಕೇರೆಹಾವು ಕಂಡ ಕೂಡಲೇ ದೊಣ್ಣೆ ಹುಡುಕದಿರುವುದು. ಹೂವಿನ ಪಾತಿಯ ಸುತ್ತ ತಂತಿ ಬಲೆ ಹೂಳುವುದೊಂದು ಎರಡಕ್ಕೂ ಆಗುತ್ತೆ.

ಹೆಸರಿನ ಮಾತು ಬಂತಲ್ಲ, ಇದನ್ನೂ ಹೇಳಿಬಿಡುತ್ತೇನೆ. ಬೇಲಿಗೆ ನೆಡುವ ಗೊಬ್ಬರದ ಗಿಡ ಇದೆಯಲ್ಲ, ಗ್ಲಿರಿಸಿಡಿಯ, ಆ ಲ್ಯಾಟಿನ್ ಹೆಸರಿನ ಅರ್ಥವೇ ‘ಇಲಿ ಕೊಲ್ಲುವುದು’. ತವರಾದ ಮಧ್ಯ ಅಮೆರಿಕದಲ್ಲಿ ಅದರ ಬೀಜ, ತೊಗಟೆ ಇಲಿಪಾಷಾಣಕ್ಕೆ ಹೋಗುತ್ತಿತ್ತು. ನಾವು ಸೊಪ್ಪು ನೋಡಿ ಗೊಬ್ಬರ ಅಂದೆವು. (ಭಾವನಿಗೆ ಇದನ್ನು ಹೇಳಿಲ್ಲ. ಹೇಳಿದರೆ ನಾಳೆಯೇ ಅರೆಯಲು ಕೂರುತ್ತಾರೆ. ಮನೆಯಲ್ಲಿ ಎರಡು ನಾಯಿ ಇವೆ.)

ಈಗ ನನ್ನ ಪ್ರಶ್ನೆ. ಹೊರಗಿನ ತೋಟಗಾರಿಕೆ ಬರಹವನ್ನು ಕನ್ನಡಕ್ಕೆ ತರುವಾಗ ‘ಮೋಲ್’ ಅಂತಲೇ ಬಿಡುವುದು ವಾಸಿ ಅನ್ನುವುದು ನನ್ನ ಕಡೆ. ಮಕ್ಕಳ ಕತೆಗಾದರೆ ಹೊಸ ಪದ ಬೇಕಾದೀತು. ಹಳೆಯ ಇಂಗ್ಲಿಷಿನ ‘ಮೋಲ್ಡ್‌ವಾರ್ಪ್’, ಜರ್ಮನ್ನಿನ ‘ಮೌಲ್‌ವುರ್ಫ್’ ಎರಡರ ಮೂಲದಲ್ಲೂ ಮಣ್ಣು ಎಸೆಯುವ ಮಾತಿದೆ. ಅದೇ ದಾರಿಯಲ್ಲಿ ‘ಮಣ್ಣುಗೋರಿ’ ಅಂತ ಬರೆದೆ. ಸಮಾಧಿ ನೆನಪಾಗಿ ‘ಮಣ್ಣುಗೋರ’ ಮಾಡಿದೆ. ಹೇಗಿದೆ?

ಇನ್ನೊಂದು, ಕೊಡಗಿನವರಿಗೆ. ಕೊಡವ ತಕ್ಕ್‌ನಲ್ಲಿ ಇಲಿಗೆ ‘ಎಲಿ’ ಅನ್ನುವುದು ಗೊತ್ತು. ಮನೆಯ ದೊಡ್ಡ ಹೆಗ್ಗಣಕ್ಕೂ ಬದು ತೋಡುವ ಈ ಚಿಕ್ಕದಕ್ಕೂ ಬೇರೆ ಬೇರೆ ಹೆಸರು ಇದೆಯಾ? ಅರೆಭಾಷೆ ಆಡುವವರು, ಜೇನುಕುರುಬರು ಏನಂತಾರೆ? ಮನೆಯ ಹಿರಿಯರನ್ನು ಕೇಳಿ, ಅವರು ಹೇಳಿದ ಹಾಗೇ ಬರೆದು ಕಳಿಸಿ.