ಪಗಾರ ಅನ್ನಲಾ, ಸಂಬಳ ಅನ್ನಲಾ?

ಕೇಳಿದವರು: ನಾನು ಮೈಸೂರು ಕಡೆಯವಳು. ಕಾರವಾರದ ಒಂದು ಕಚೇರಿಗೆ ಸೇರಿ ಎರಡು ತಿಂಗಳಾಯಿತು. ಇಲ್ಲಿ ಎಲ್ಲರೂ ‘ಪಗಾರ’ ಅನ್ನುತ್ತಾರೆ. ಅದು ಕೂಲಿಯ ಮಾತು ಅಂದುಕೊಂಡು ನಾನು ‘ಸಂಬಳ’ ಅಂತಲೇ ತಿದ್ದುತ್ತಿದ್ದೆ. ಮೊನ್ನೆ ಹಿರಿಯರೊಬ್ಬರು, “ನಮ್ಮ ಮಾತು ನಿಮಗೆ ಸೇರೋದಿಲ್ವಾ?” ಎಂದರು. ಕಸಿವಿಸಿಯಾಯಿತು. ಈ ಪದ ಎಲ್ಲಿಂದ ಬಂತು? ನಾನು ಯಾವುದನ್ನು ಬಳಸಲಿ?

ಕಾರವಾರದಿಂದ: ಇಲ್ಲಿ ಡಾಕ್ಟರಿಗೂ ಪಗಾರ, ಜವಾನನಿಗೂ ಪಗಾರ. ಅದರಲ್ಲಿ ಮೇಲುಕೀಳಿಲ್ಲ. ಪೋರ್ಚುಗೀಸ್ ಭಾಷೆಯಲ್ಲಿ ‘ಪಗಾರ್’ ಅಂದರೆ ಹಣ ಕೊಡುವುದು. 1510ರಿಂದ 1961ರವರೆಗೆ ಗೋವಾ ಅವರ ಕೈಯಲ್ಲಿತ್ತು. ಕಾಳಿ ನದಿ ದಾಟಿ ಮಾಜಾಳಿಗೆ ಹೋದರೆ ಗೋವಾ ಗಡಿ ಬಂದೇಬಿಡುತ್ತದೆ. ಕೊಂಕಣಿ, ಮರಾಠಿಯಲ್ಲೂ ಇದೇ ಪದ. ನಮ್ಮ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು, ಮರಾಠಿ ಮಾತು ಜಾಸ್ತಿ ಬೆರೆಯಲು ಅದೂ ಕಾರಣ. ಪೋರ್ಚುಗೀಸ್ ಪದದ ಮೂಲ ಲ್ಯಾಟಿನ್ನಿನ ‘ಪಾಕಾರೆ’, ಅಂದರೆ ಸಮಾಧಾನ ಮಾಡು. ಇಂಗ್ಲಿಷಿನ ‘ಪೇ’ ಹುಟ್ಟಿದ್ದೂ ಅಲ್ಲಿಂದಲೇ. ಪೇ ಸ್ಲಿಪ್ಪಿನ ‘ಪೇ’ಗೆ ಮರ್ಯಾದೆ ಇದೆ ಅಂದಮೇಲೆ ಪಗಾರಕ್ಕೂ ಇರಬೇಕು, ಅಲ್ವಾ?

ಕುಮಟಾದಿಂದ: ‘ಸ್ಯಾಲರಿ’ಯ ಬೇರು ಲ್ಯಾಟಿನ್ನಿನ ಉಪ್ಪು. ಸಾಣಿಕಟ್ಟಾದ ಉಪ್ಪಿನ ಆಗರ ನೋಡುತ್ತಾ ಬೆಳೆದ ನನಗೆ ಇದು ತುಂಬಾ ಇಷ್ಟ. ಆದರೆ ರೋಮಿನ ಸೈನಿಕರಿಗೆ ಉಪ್ಪನ್ನೇ ಸಂಬಳವಾಗಿ ಕೊಡುತ್ತಿದ್ದರು ಅನ್ನುವ ಕಥೆಗೆ ಗಟ್ಟಿ ಆಧಾರವಿಲ್ಲ.

ಶಿರಸಿಯಿಂದ: ಸಂಬಳವನ್ನೂ ಬಿಡಬೇಡಿ. ಸಂಸ್ಕೃತದ ‘ಶಂಬಲ’ ಅಂದರೆ ದಾರಿಯ ಬುತ್ತಿ. ಎಷ್ಟು ಚೆಂದದ ಅರ್ಥ! ನಮ್ಮ ಮನೆಯಲ್ಲಿ ಎರಡೂ ನಡೆಯುತ್ತವೆ. ತೋಟದ ಕೆಲಸಕ್ಕೆ ದಿನದ ಲೆಕ್ಕದಲ್ಲಿ ಕೊಡುವುದು ಮಜೂರಿ, ತಿಂಗಳಿಗೆ ಕೊಡುವುದು ಪಗಾರ. ನೀವು ಕೂಲಿ ಅಂದುಕೊಂಡದ್ದು ಇಲ್ಲಿ ಮಜೂರಿ. ಇನ್ನೊಂದು ಮಾತು, ‘ಪ’ ಎಳೆಯಬೇಡಿ. ‘ಪಾಗಾರ’ ಅಂದರೆ ಕಾಂಪೌಂಡ್ ಗೋಡೆ.

ಅಂಕೋಲಾದಿಂದ: ನನ್ನ ಅಪ್ಪ ಬೋಟಿಗೆ ಹೋಗುತ್ತಿದ್ದರು. ಅಲ್ಲಿ ಪಗಾರ ಇರಲಿಲ್ಲ, ಪಾಲು ಇತ್ತು. ಮೀನು ಮಾರಿದ ದುಡ್ಡಿನಲ್ಲಿ ಡೀಸೆಲ್, ಐಸಿನ ಖರ್ಚು ಕಳೆದು ಉಳಿದದ್ದರಲ್ಲಿ ಮಾಲೀಕರಿಗಿಷ್ಟು, ಕೆಲಸದವರಿಗಿಷ್ಟು. ಮೀನು ಬೀಳದ ದಿನ ಬರಿಗೈ. ಜೂನ್, ಜುಲೈನಲ್ಲಿ 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್, ಆಗ ಪಾಲಿನ ಮಾತೇ ಇಲ್ಲ. ನಮ್ಮ ಮನೆಗೆ ಮೊದಲು ಪಗಾರ ತಂದವಳು ನಾನು. ಆಯಿ ಆ ದುಡ್ಡನ್ನು ದೇವರ ಮುಂದಿಟ್ಟಳು. ಅಪ್ಪ ಅದನ್ನೇ ನೋಡುತ್ತಾ ಕೂತಿದ್ದರು. ಆಮೇಲೆ ಕೇಳಿದರು, “ಮಳೆಗಾಲದಲ್ಲೂ ಬರುತ್ತದಾ ಇದು?”

ನಿಮ್ಮ ಆ ಹಿರಿಯರ ಮನೆಯಲ್ಲೂ ಇಂಥದ್ದೊಂದು ನೆನಪು ಇರಬಹುದು. ಒಂದನೇ ತಾರೀಖು ಅವರ ಹತ್ತಿರ ಹೋಗಿ, “ಪಗಾರ ಆಯ್ತಾ?” ಅಂತ ನೀವೇ ಕೇಳಿ.