ಹನ್ಲಿಯ ‘ಟಾರ್ಪೆಡೊ’ಗೆ ಕನ್ನಡದಲ್ಲಿ ಏನೆನ್ನೋಣ?

ಗೆಳೆಯರೇ,

ಅಮೆರಿಕದ ಅಂತರ್ಯುದ್ಧದ ಬಗೆಗಿನ ಲೇಖನವೊಂದನ್ನು ಅನುವಾದಿಸುತ್ತಿದ್ದೇನೆ. ಮೂರು ದಿನದಿಂದ ಒಂದೇ ಪದ ಗಂಟಲಲ್ಲಿ ಸಿಕ್ಕಿಕೊಂಡಿದೆ: ಟಾರ್ಪೆಡೊ.

1864ರ ಫೆಬ್ರುವರಿ 17ರ ರಾತ್ರಿ, ಚಾರ್ಲ್ಸ್‌ಟನ್ ಬಂದರಿಗೆ ದಿಗ್ಬಂಧನ ಹಾಕಿ ನಿಂತಿದ್ದ ಉತ್ತರದವರ ಹೌಸಟಾನಿಕ್ ಹಡಗನ್ನು ದಕ್ಷಿಣದವರ ಹನ್ಲಿ ಮುಳುಗಿಸಿತು. ಯುದ್ಧನೌಕೆಯೊಂದನ್ನು ಮುಳುಗಿಸಿದ ಮೊದಲ ಜಲಾಂತರ್ಗಾಮಿ ಅದು. ‘ಟಾರ್ಪೆಡೊ ಬಳಸಿ’ ಎಂದು ಮೂಲದಲ್ಲಿತ್ತು, ನಾನೂ ಹಾಗೆಯೇ ಬರೆದೆ. ಕರಡು ಓದಿದ ಮಗಳು, ‘ಎಷ್ಟು ದೂರದಿಂದ ಹಾರಿಸಿದರಪ್ಪಾ?’ ಎಂದಳು. ಹಾರಿಸಿದ್ದೆಲ್ಲಿ ಬಂತು! ಏಳು ಜನ ಒಳಗೆ ಸಾಲಾಗಿ ಕುಳಿತು ಕೈಯಲ್ಲಿ ತಿರುಗಣೆ ತಿರುಗಿಸಬೇಕು, ಎಂಟನೆಯವನು ದಿಕ್ಕು ನೋಡಬೇಕು. ಮೂತಿಯಿಂದ ಸುಮಾರು ಐದು ಮೀಟರ್ ಮುಂದಕ್ಕೆ ಚಾಚಿದ ಗಳು, ಅದರ ತುದಿಗೆ ಅರವತ್ತು ಕಿಲೋದಷ್ಟು ಸಿಡಿಮದ್ದು ತುಂಬಿದ ತಾಮ್ರದ ಪೀಪಾಯಿ. ಹತ್ತಿರ ಹೋಗಿ ತಿವಿಯುವುದೇ ಕೆಲಸ. ತಿವಿದವರೂ ಬದುಕಲಿಲ್ಲ, ಎಂಟು ಜನರೊಂದಿಗೆ ತಳ ಸೇರಿದ ಹನ್ಲಿಯನ್ನು ಮೇಲೆತ್ತಿದ್ದು 2000ದಲ್ಲಿ.

ಅದೇ 1864ರ ಆಗಸ್ಟ್‌ನಲ್ಲಿ ಮೊಬೀಲ್ ಕೊಲ್ಲಿಯಲ್ಲಿ ಉತ್ತರದವರ ಟೆಕುಮ್ಸೆ ಹಡಗನ್ನು ಬಲಿ ತೆಗೆದುಕೊಂಡದ್ದೂ ‘ಟಾರ್ಪೆಡೊ’ವೇ. ಆದರೆ ಅದು ನೀರಿನಲ್ಲಿ ಕಟ್ಟಿ ಬಿಟ್ಟಿದ್ದ, ಇಂದು ನಾವು ಮೈನ್ ಎನ್ನುವ ವಸ್ತು. ತಾನೇ ಈಜಿ ಹೋಗುವ ಟಾರ್ಪೆಡೊವನ್ನು ಇಂಗ್ಲಿಷ್ ಎಂಜಿನಿಯರ್ ವೈಟ್‌ಹೆಡ್ ಮಾಡಿದ್ದು 1866ರಲ್ಲಿ. ಇಂದಿನ ಓದುಗನ ತಲೆಯಲ್ಲಿರುವುದು ಅದೊಂದೇ.

ಪದದ ಬೇರು ಸೊಗಸಾಗಿದೆ. ಲ್ಯಾಟಿನ್ನಿನಲ್ಲಿ ಟಾರ್ಪೆಡೊ ಎಂದರೆ ಜೋಮು. ಮುಟ್ಟಿದವರ ಕೈಗೆ ಜೋಮು ಹಿಡಿಸುವ, ನಮ್ಮ ತೊರಕೆಯ ಬಳಗದ ಮೀನಿಗೂ ಅದೇ ಹೆಸರು. ಮೀನಿನಿಂದ ಸಿಡಿಮದ್ದಿಗೆ ಬಂತು. ‘ಜೋಮುಮೀನು’ ಎಂದು ಬರೆಯುವ ಆಸೆಯೇನೋ ಆಯಿತು, ಸಂಪಾದಕರು ಬಿಡುವುದಿಲ್ಲ.

‘ಸ್ಫೋಟಕ’ ಎಂದರೆ ಸಪ್ಪೆ, ಗಳುವೇ ಕಾಣುವುದಿಲ್ಲ. ಮಾವು ಕೀಳುವ ದೋಟಿ ನೆನಪಾಗಿ ಸದ್ಯಕ್ಕೆ ‘ದೋಟಿಬಾಂಬು’ ಎಂದಿಟ್ಟಿದ್ದೇನೆ. ನನಗೆ ಇಷ್ಟವಾಗಿದೆ, ಮಗಳು ನಕ್ಕಳು. ಹೆಚ್ಚು ಜನ ಸತ್ತ ಕಡೆ ನಗೆ ಬರಿಸುವ ಪದ ಸಲ್ಲದು ಎಂಬ ಅಳುಕೂ ಇದೆ. ದೋಟಿ ಮೇಲಕ್ಕೆ ಚಾಚುವುದಕ್ಕೇ ಮೀಸಲೇ, ಮುಂದಕ್ಕೆ ಚಾಚಿದ್ದಕ್ಕೂ ಒಪ್ಪುತ್ತದೆಯೇ? ದೋಣಿಯ ಮೂತಿಯಿಂದ ಹೊರಚಾಚಿದ ಗಳುವಿಗೆ ಕರಾವಳಿಯಲ್ಲಿ ಬೇರೆ ಹೆಸರಿದ್ದರೆ, ಬಲ್ಲವರು ದಯವಿಟ್ಟು ತಿಳಿಸಿ.