ಅಪ್ಪ ಬಣ್ಣ ತುಂಬಿದ ಸೆಲ್‌ಗಳಿಗೆ ಫ್ರೇಮ್ ಹಾಕಿಸಬಹುದಾ?

ಪ್ರಶ್ನೆ, ಕಾರವಾರದಿಂದ: ನಮಸ್ಕಾರ ಸರ್. ಅಪ್ಪ 1980ರ ದಶಕದಲ್ಲಿ ಮುಂಬೈಯ ಒಂದು ಅನಿಮೇಷನ್ ಸ್ಟುಡಿಯೋದಲ್ಲಿ ಸೆಲ್‌ಗೆ, ಅಂದರೆ ಕಾರ್ಟೂನ್ ಚಿತ್ರ ಬಿಡಿಸುವ ಪಾರದರ್ಶಕ ಹಾಳೆಗೆ, ಬಣ್ಣ ತುಂಬುತ್ತಿದ್ದರು. ಈಗ ಅವರಿಲ್ಲ. ಟ್ರಂಕಿನಲ್ಲಿ 11 ಸೆಲ್ ಸಿಕ್ಕಿವೆ. ಮೂರು ಹಪ್ಪಳದ ಹಾಗೆ ಸೊಟ್ಟಗಾಗಿವೆ, ಹುಳಿ ವಾಸನೆ ಬೇರೆ. ಕೆಲವಕ್ಕೆ ಹಿಂದೆ ತೆಳು ಕಾಗದ ಅಂಟಿದೆ. ಇಲ್ಲಿಯ ಫ್ರೇಮ್ ಅಂಗಡಿಯವರು ಬಿಸಿ ಒತ್ತಿ ಸಪಾಟು ಮಾಡಿ, ಲ್ಯಾಮಿನೇಟ್ ಮಾಡೋಣ ಅಂತಾರೆ. ಮಾಡಿಸಲಾ?

ಉತ್ತರ, ಶಿರಸಿಯಿಂದ: ದಯವಿಟ್ಟು ಬೇಡ ತಂಗಿ. ಬಿಸಿಗೆ ಬಣ್ಣ ಚಕ್ಕೆಯಾಗಿ ಏಳುತ್ತದೆ. ಲ್ಯಾಮಿನೇಟ್ ಮಾಡಿದ್ದನ್ನು ಮತ್ತೆ ಬಿಡಿಸಲು ಬರುವುದಿಲ್ಲ.

ಆ ವಾಸನೆ ವಿನೆಗರ್‌ನದೇ. ಆ ಕಾಲದ ಸೆಲ್ ಅಂದರೆ ಸೆಲ್ಯುಲೋಸ್ ಅಸಿಟೇಟ್ ಹಾಳೆ. ಸೆಕೆಗೆ, ತೇವಕ್ಕೆ ಅದು ಕೆಟ್ಟು ಅಸಿಟಿಕ್ ಆಮ್ಲ ಬಿಡುತ್ತದೆ. ಆ ಆಮ್ಲವೇ ತಿರುಗಿ ಹಾಳೆಯನ್ನು ತಿನ್ನುತ್ತದೆ, ಪಕ್ಕದ ಸೆಲ್‌ಗೂ ತಾಗುತ್ತದೆ. ಇವತ್ತೇ ಆ ಮೂರನ್ನು ಬೇರೆ ಇಡಿ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಮುಚ್ಚಬೇಡಿ, ಗಾಳಿ ಆಡಲಿ. ಅವು ಮೊದಲಿನಂತೆ ಆಗುವುದಿಲ್ಲ. ಇನ್ನೂ ಜಾಸ್ತಿ ಕೆಡುವುದನ್ನು ನಿಧಾನ ಮಾಡಬಹುದು, ಅಷ್ಟೆ.

ಅಂಟಿದ ಕಾಗದ ಕೀಳಬೇಡಿ. ಸೆಲ್‌ನಲ್ಲಿ ಗೆರೆ ಮುಂದೆ, ಬಣ್ಣ ಹಿಂದೆ. ನಾವು ನೋಡುವುದು ಮುಂದಿನಿಂದ ಅಲ್ವಾ? ಬಣ್ಣದ ಹಿಂದಿರುವ ಕಾಗದ ಕಾಣುವುದೇ ಇಲ್ಲ. ಕಿತ್ತರೆ ಮಾತ್ರ ಅಪ್ಪನ ಬಣ್ಣವೂ ಅದರ ಜೊತೆ ಬಂದುಬಿಡುತ್ತದೆ.

ವಾಸನೆ ಇಲ್ಲದ ಎಂಟರಲ್ಲಿ ಒಂದನ್ನು ಆರಿಸಿ. ಆಮ್ಲವಿಲ್ಲದ ಮೌಂಟ್ ಬೋರ್ಡ್ (ಚಿತ್ರದ ಸುತ್ತ ಕೂರಿಸುವ ದಪ್ಪ ರಟ್ಟು), ಬಿಸಿಲಿನ ಯುವಿ ಕಿರಣ ತಡೆಯುವ ಗಾಜು, ಗಾಜಿಗೂ ಸೆಲ್‌ಗೂ ನಡುವೆ 4-5 ಮಿಲಿಮೀಟರ್ ಸಂದು. ಟೇಪ್ ಬೇಡ. ಅಂಚಿನ ಪೆಗ್ ತೂತು (ಹಾಳೆ ಅಲುಗದಂತೆ ಗೂಟಕ್ಕೆ ಸಿಕ್ಕಿಸುವ ತೂತು), ಅಲ್ಲಿ ಬರೆದ ಸಂಖ್ಯೆ ಕತ್ತರಿಸಲು ಯಾರಿಗೂ ಬಿಡಬೇಡಿ. ಅವು ಮೌಂಟಿನ ಮರೆಯಲ್ಲಿ ಇರಲಿ. ಮಳೆ ಹೊಡೆಯುವ ಗೋಡೆಗೆ ತೂಗಬೇಡಿ, ಚಿರೆಕಲ್ಲು ಜೂನ್‌ನಿಂದಲೇ ನೀರು ಕುಡಿಯುತ್ತದೆ.

ಪ್ರಶ್ನೆ: ಒಂದರಲ್ಲಿ ಬಣ್ಣದ ಚಕ್ಕೆ ಉದುರಿದೆ ಸರ್. ಫೆವಿಕಾಲ್ ಹಚ್ಚಿ ಕೂರಿಸಲಾ?

ಉತ್ತರ: ಬೇಡ. ಚಕ್ಕೆಯನ್ನು ಕಾಗದದ ಪೊಟ್ಟಣದಲ್ಲಿಟ್ಟು ಯಾವ ಸೆಲ್‌ನದು ಅಂತ ಬರೆದಿಡಿ. ಅಮೆರಿಕದ ಗೆಟ್ಟಿ ಸಂರಕ್ಷಣಾ ಸಂಸ್ಥೆಯವರು ಡಿಸ್ನಿ ಸೆಲ್‌ಗಳ ಮೇಲೆ ಕೆಲಸ ಮಾಡಿ, ಎದ್ದ ಬಣ್ಣವನ್ನು ಅಳತೆಯ ತೇವ ಕೊಟ್ಟು ಕೂರಿಸುವ ದಾರಿ ಕಂಡುಕೊಂಡಿದ್ದಾರೆ. ಅದು ಲ್ಯಾಬಿನ ಕೆಲಸ. ನಮ್ಮ ಮಳೆಗಾಲದ ತೇವಕ್ಕೆ ಅಳತೆ ಇಲ್ಲ.

ಫ್ರೇಮ್ ಕೆಲಸ ಮಳೆ ಬಿಟ್ಟ ಮೇಲೆ ಮಾಡೋಣ. ಬಸ್ಸಿನಲ್ಲಿ ಶಿರಸಿಗೆ ತರುವುದಾದರೆ ಬಣ್ಣದ ಬದಿ ಮೇಲಾಗಿಸಿ, ತೊಡೆಯ ಮೇಲೆ ಸಪಾಟಾಗಿ ಇಟ್ಟುಕೊಳ್ಳಿ. ದೇವಿಮನೆ ಘಾಟಿಯ ತಿರುವಿನಲ್ಲಿ ಎರಡೂ ಕೈಯಲ್ಲಿ ಹಿಡಿದಿರಿ.